ನಕ್ಷೆಯ ವರ್ಧಿತ ಭಾಗಗಳಲ್ಲಿ ನಿಜಮಾನದ ನಿರೂಪಣೆ

ಅಳತೆಯಿಟ್ಟು ಬರೆದ ಚಿತ್ರದಲ್ಲಿ ರೇಖೆಯು ಹೇಳುವುದೊಂದು, ಅಂಕಿಯು ಹೇಳುವುದು ಮತ್ತೊಂದು. ಮನೆಯ ನಕ್ಷೆಯೊಂದರಲ್ಲಿ ಗೇಣುದ್ದದ ಗೆರೆಯ ಮಗ್ಗುಲಲ್ಲಿ ೬೦೦೦ ಮಿಲಿಮೀಟರು ಎಂದು ಬರೆದಿದ್ದರೆ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಗೋಡೆಯು ಕಾಗದದ ಮೇಲೆ ಕುಗ್ಗಿದೆ, ಅಂಕಿಯು ಮಾತ್ರ ಕುಗ್ಗದೆ ನಿಂತಿದೆ ಎಂಬುದನ್ನು ಓದುವವನು ಮನಸ್ಸಿನಲ್ಲಿಯೇ ಒಪ್ಪಿಕೊಂಡಿರುತ್ತಾನೆ. ನಕ್ಷೆಯ ವಿದ್ಯೆಯೆಲ್ಲವೂ ಈ ಒಪ್ಪಂದದ ಮೇಲೆ ನಿಂತಿರುವುದು. ಆದರೆ ಒಂದೇ ಹಾಳೆಯ ಮೇಲೆ ಒಂದೇ ವಸ್ತುವನ್ನು ಒಮ್ಮೆ ಕುಗ್ಗಿಸಿಯೂ ಅದರ ಒಂದು ಸೂಕ್ಷ್ಮಭಾಗವನ್ನು ಮತ್ತೊಮ್ಮೆ ಹಿಗ್ಗಿಸಿಯೂ ಬರೆಯಬೇಕಾಗಿ ಬಂದಾಗ ಒಪ್ಪಂದವು ಎರಡಾಗುವುದು. ಬರೆಯುವ ಕೈ ಮನುಷ್ಯನದಾಗಿದ್ದಷ್ಟು ಕಾಲ ಇದರಿಂದ ಹೆಚ್ಚಿನ ತೊಡಕು ಉಂಟಾಗಲಿಲ್ಲ. ಗಣಕಯಂತ್ರವು ಗೆರೆಯನ್ನು ಎಳೆಯುವುದಲ್ಲದೆ ಅದನ್ನು ತಾನೇ ಅಳೆದು ಅಂಕಿಯನ್ನೂ ತಾನೇ ಬರೆಯತೊಡಗಿದ ಮೇಲೆ, ಹಿಗ್ಗಿದ ಗೆರೆಗೆ ನಿಜವಾದ ಅಂಕಿಯನ್ನು ಹೇಗೆ ಬರೆಯಿಸಬೇಕೆಂಬುದು ಒಂದು ಪ್ರಶ್ನೆಯೇ ಆಯಿತು.

ಮೊದಲು ಪರಿಭಾಷೆಯ ಮಾತು. ಮಾನಸಾರವೆಂಬ ಶಿಲ್ಪಗ್ರಂಥವು ಮಾನ, ಪ್ರಮಾಣ, ಪರಿಮಾಣ, ಲಂಬಮಾನ, ಉನ್ಮಾನ, ಉಪಮಾನ ಎಂದು ಆರು ವಿಧವಾದ ಅಳತೆಗಳನ್ನು ಹೇಳುವುದು. ಎತ್ತರ, ಅಗಲ, ಸುತ್ತು, ತೂಗುಬಿಟ್ಟ ನೂಲಿನ ಅಳತೆ, ದಪ್ಪ, ಎಡೆ ಎಂದು ಇವನ್ನು ಸ್ಥೂಲವಾಗಿ ತಿಳಿಯಬಹುದು. ಇವೆಲ್ಲವೂ ವಿಗ್ರಹದ ಅಳತೆಗಳೇ ಹೊರತು ವಿಗ್ರಹಕ್ಕೂ ಅದರ ಚಿತ್ರಕ್ಕೂ ಇರುವ ಪ್ರಮಾಣವಲ್ಲ. ತಾಲಮಾನವೂ ಹಾಗೆಯೇ, ಮುಖದ ಉದ್ದವನ್ನು ಮೂಲವಾಗಿಟ್ಟುಕೊಂಡು ದೇಹದ ಇತರ ಅವಯವಗಳನ್ನು ಅಳೆಯುವ ಆ ಕ್ರಮವು ಶಿಲೆಯೊಳಗಿನ ಅನುಪಾತವೇ ಹೊರತು ಶಿಲೆಗೂ ಓಲೆಗೂ ಇರುವ ಅನುಪಾತವಲ್ಲ. ಇಂಗ್ಲಿಷಿನ ‘ಸ್ಕೇಲ್’ ಎಂಬುದಕ್ಕೆ ಈ ಲೇಖನದಲ್ಲಿ ‘ಮಾನ’ವೆಂದೂ, ಗೆರೆಯ ಮೇಲೆ ಬರೆಯುವ ಅಂಕಿಗೆ ‘ಅಳತೆ’ಯೆಂದೂ, ಹಿಗ್ಗಿಸಿ ಬೇರೆಯಾಗಿ ತೋರಿಸಿದ ತುಣುಕಿಗೆ ‘ವರ್ಧಿತಭಾಗ’ವೆಂದೂ ಹೇಳಿದೆ. ಕಚೇರಿಗಳಲ್ಲಿ ಇದನ್ನು ‘ಡೀಟೇಲ್’ ಎಂದೇ ಕರೆಯುವರು.

ಪ್ರಾಚೀನರು ಈ ತೊಡಕನ್ನು ಒಂದು ಬಗೆಯಲ್ಲಿ ಹುಟ್ಟದಂತೆಯೇ ಮಾಡಿಕೊಂಡಿದ್ದರು. ಮಧ್ಯಪ್ರದೇಶದ ಭೋಜಪುರದಲ್ಲಿ ೧೧ನೆಯ ಶತಮಾನದ ಅಪೂರ್ಣ ಶಿವಾಲಯದ ಸುತ್ತಲಿರುವ ಬಂಡೆಗಳ ಮೇಲೆ ಕಂಬ, ಶಿಖರ, ಅಧಿಷ್ಠಾನದ ಪಟ್ಟಿಕೆಗಳು ಮೊದಲಾದವುಗಳ ರೇಖಾಚಿತ್ರಗಳು ಇಂದಿಗೂ ಕಾಣುತ್ತವೆ. ಸಮರಾಂಗಣಸೂತ್ರಧಾರವೆಂಬ ವಾಸ್ತುಗ್ರಂಥವು ಭೋಜರಾಜನ ಹೆಸರಿನಲ್ಲಿಯೇ ಇರುವುದರಿಂದ ಶಾಸ್ತ್ರಕ್ಕೂ ಪ್ರಯೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವವರಿಗೆ ಈ ಬಂಡೆಗಳು ಅಮೂಲ್ಯವಾಗಿವೆ. ಇಂಗ್ಲೆಂಡಿನ ವೆಲ್ಸ್ ಮತ್ತು ಯಾರ್ಕ್ ದೇವಾಲಯಗಳಲ್ಲಿ ಮಧ್ಯಯುಗದ ಕಲ್ಲುಕುಟಿಗರು ಗಾರೆಯ ನೆಲದ ಮೇಲೆ ಕಮಾನುಗಳ ರೇಖೆಗಳನ್ನು ವಸ್ತುವಿನಷ್ಟೇ ದೊಡ್ಡದಾಗಿ ಗೀಚಿಕೊಳ್ಳುತ್ತಿದ್ದರು. ಆ ನೆಲಗಳೂ ಉಳಿದುಬಂದಿವೆ. ಚಿತ್ರವು ವಸ್ತುವಿನಷ್ಟೇ ದೊಡ್ಡದಾಗಿದ್ದಲ್ಲಿ ಅಂಕಿಯ ಅವಶ್ಯಕತೆಯೇ ಇಲ್ಲ. ಅಳತೆಗೋಲನ್ನಾಗಲಿ ತಗಡಿನ ಅಚ್ಚನ್ನಾಗಲಿ ಗೆರೆಯ ಮೇಲಿಟ್ಟು ಕಲ್ಲಿಗೆ ಒಯ್ದರಾಯಿತು. ಕಾಗದದ ಮೇಲೆ ಕುಗ್ಗಿಸಿ ಬರೆಯುವ ಪದ್ಧತಿಯು ಬಂದ ಬಳಿಕ ಅಂಕಿಯು ಅನಿವಾರ್ಯವಾಯಿತು. ಅದರ ಹಿಂದೆಯೇ ‘ಗೆರೆಯನ್ನು ಅಳೆಯಬೇಡಿ, ಬರೆದ ಅಳತೆಯನ್ನೇ ಅನುಸರಿಸಿ’ ಎಂಬ ಕಟ್ಟಳೆಯೂ ಬಂದಿತು.

ವರ್ಧಿತಭಾಗವು ಏತಕ್ಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಹೊಯ್ಸಳ ದೇವಾಲಯಗಳ ನವರಂಗದಲ್ಲಿ ಬಳಪದ ಕಲ್ಲಿನಿಂದ ಮಾಡಿದ, ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಕಂಬಗಳಿರುವುದು ಎಲ್ಲರಿಗೂ ತಿಳಿದ ವಿಷಯ. ಇವುಗಳ ಮೈಮೇಲೆ ಒಂದರ ಮೇಲೊಂದು ಬಳೆಗಳಂತೆ ತೋಡುಗಳೂ ಏಣುಗಳೂ ಸುತ್ತಿಬರುವುವು. ಇಂತಹ ಕಂಬವೊಂದರ ಎತ್ತರವು ೨೪೦೦ ಮಿಲಿಮೀಟರು, ಅದರಲ್ಲಿನ ಒಂದು ತೋಡಿನ ಅಗಲವು ೧೨ ಮಿಲಿಮೀಟರು, ಆಳವು ೬ ಮಿಲಿಮೀಟರು ಎಂದು ಎಣಿಸಿಕೊಳ್ಳೋಣ. ಹಾಳೆಯಲ್ಲಿ ಕಂಬವನ್ನು ೧:೨೦ರ ಮಾನದಲ್ಲಿ ಬರೆದರೆ ಅದು ೧೨೦ ಮಿಲಿಮೀಟರಿನಷ್ಟಾಗಿ ಚೆನ್ನಾಗಿ ಕಾಣುವುದು. ತೋಡಾದರೋ ಅಗಲದಲ್ಲಿ ೦.೬, ಆಳದಲ್ಲಿ ೦.೩ ಮಿಲಿಮೀಟರಿನಷ್ಟಾಗಿ ಲೇಖನಿಯ ಗೆರೆಯ ದಪ್ಪದಲ್ಲಿಯೇ ಅಡಗಿಹೋಗುವುದು. ಅದರ ತಳವು ದುಂಡಗಿದೆಯೇ ಚಪ್ಪಟೆಯೇ, ಅಂಚು ಚೂಪಾಗಿದೆಯೇ ಸವೆದಿದೆಯೇ ಎಂಬುದನ್ನು ಅಲ್ಲಿ ತೋರಿಸುವುದು ಅಸಾಧ್ಯ. ಆದುದರಿಂದ ಆ ತೋಡನ್ನು ಬೇರೆಯಾಗಿ ೨:೧ರ ಮಾನದಲ್ಲಿ ಬರೆಯುವರು. ಆಗ ಅದರ ಅಗಲವು ಕಾಗದದ ಮೇಲೆ ೨೪ ಮಿಲಿಮೀಟರಾಗುವುದು. ಆದರೆ ಅದರ ಮೇಲೆ ಬರೆಯಬೇಕಾದ ಅಂಕಿ ೧೨, ೨೪ ಅಲ್ಲ. ಬಿರಿದುಹೋದ ಕಂಬಕ್ಕೆ ಬದಲು ಹೊಸ ತುಂಡನ್ನು ಕಡೆಯುವ ಶಿಲ್ಪಿಗೆ ಬೇಕಾದುದು ಆ ೧೨ ಮಾತ್ರವೇ. ಅಲ್ಲಿ ೨೪ ಎಂದು ಬಿದ್ದರೆ ಹೊಸ ಕಲ್ಲು ಹಳೆಯ ಕಲ್ಲಿನ ಮೇಲೆ ಕೂರದು. ಒಮ್ಮೆ ಕಡೆದ ಕಲ್ಲನ್ನು ಮತ್ತೆ ತುಂಬುವ ಉಪಾಯವೂ ಇಲ್ಲ.

ಇದಕ್ಕೆ ಸಂಬಂಧಿಸಿದ ಸಂಕೇತಗಳು ಗೊತ್ತಾಗಿವೆ. ಮೂಲಚಿತ್ರದಲ್ಲಿ ಆ ಭಾಗವನ್ನು ತೆಳುವಾದ ವೃತ್ತದಿಂದ ಸುತ್ತುವರಿದು ಒಂದು ಅಕ್ಷರದಿಂದ ಗುರುತಿಸಬೇಕು. ವರ್ಧಿತಭಾಗದ ಬಳಿ ಅದೇ ಅಕ್ಷರವನ್ನೂ ಅದರ ಮಾನವನ್ನೂ ಬರೆಯಬೇಕು. ಹಾಳೆಯ ಶೀರ್ಷಿಕೆಯ ಚೌಕದಲ್ಲಿ ಮುಖ್ಯಮಾನವು ಮಾತ್ರ ಇರತಕ್ಕದ್ದು. ಹಿಗ್ಗಿಸುವ ಮಾನಗಳನ್ನು ೧೯೭೯ರ ಅಂತರರಾಷ್ಟ್ರೀಯ ನಿಯಮವು ೨:೧, ೫:೧, ೧೦:೧, ೨೦:೧, ೫೦:೧ ಎಂದು ನಿರ್ದೇಶಿಸಿತು. ಭಾರತದಲ್ಲಿ ೧೯೮೩ರಲ್ಲಿ ಇದೇ ವಿಷಯವನ್ನು ಕುರಿತು ಭಾರತೀಯ ಮಾನಕವೊಂದು ಪ್ರಕಟವಾಯಿತು. ಇನ್ನೊಂದು ಸಂಕೇತವು ಗಮನಾರ್ಹವಾದುದು. ಯಾವುದಾದರೂ ಗೆರೆಯು ಹೇಳಿದ ಮಾನಕ್ಕೆ ಅನುಸಾರವಾಗಿಲ್ಲದೆ ಅದರ ಅಂಕಿ ಮಾತ್ರವೇ ನಿಜವಾಗಿದ್ದರೆ ಆ ಅಂಕಿಯ ಕೆಳಗೆ ದಪ್ಪನಾದ ಅಡಿಗೆರೆಯನ್ನು ಎಳೆಯುವರು. ‘ಇಲ್ಲಿ ಚಿತ್ರವನ್ನು ನಂಬಬೇಡ, ನನ್ನನ್ನು ನಂಬು’ ಎಂದು ಅಂಕಿಯೇ ಹೇಳಿದಂತೆ ಇದು. ವರ್ಧಿತಭಾಗದ ಅಂಕಿಗೆ ಈ ಅಡಿಗೆರೆಯು ಸಲ್ಲದು. ಏಕೆಂದರೆ ಅಲ್ಲಿ ಗೆರೆಯೂ ಸತ್ಯವೇ. ಅದರ ಮಾನ ಮಾತ್ರ ಬೇರೆ.

ಗಣಕಯಂತ್ರದ ಚಿತ್ರಲೇಖನವು ೧೯೬೩ರಲ್ಲಿ ಐವನ್ ಸದರ್ಲೆಂಡರು ಅಮೆರಿಕೆಯ ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಗೆ ಒಪ್ಪಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಪ್ರಬಂಧದಿಂದ ಮೊದಲಾಯಿತೆನ್ನಬಹುದು. ಪರದೆಯ ಮೇಲೆ ಚಿತ್ರದ ಒಂದು ಭಾಗವನ್ನು ಬೇಕಾದಷ್ಟು ಹಿಗ್ಗಿಸಿ ನೋಡುವ ಸೌಕರ್ಯವು ಅದರಲ್ಲಿಯೇ ಇದ್ದಿತು. ಆದರೆ ಪರದೆಯ ಮೇಲೆ ಹಿಗ್ಗಿಸುವುದು ಬೇರೆ, ಕಾಗದದ ಮೇಲೆ ಹಿಗ್ಗಿಸಿ ಬರೆಯುವುದು ಬೇರೆ. ಮೊದಲನೆಯದರಲ್ಲಿ ನೋಡುವವನು ಹತ್ತಿರ ಹೋದಂತೆ, ವಸ್ತುವಿಗೇನೂ ಆಗಿಲ್ಲ. ಎರಡನೆಯದರಲ್ಲಿ, ಎಚ್ಚರದಪ್ಪಿದರೆ, ವಸ್ತುವೇ ಬೆಳೆದುಹೋಗುವುದು.

೧೯೮೨ರ ಕೊನೆಯಲ್ಲಿ ಹೊರಬಂದು ಬೇಗನೆ ಎಲ್ಲೆಡೆಯೂ ಹರಡಿದ ಆಟೋಕ್ಯಾಡ್ ಎಂಬ ತಂತ್ರಾಂಶವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ವಸ್ತುವನ್ನು ಅದರ ನಿಜವಾದ ಗಾತ್ರದಲ್ಲಿಯೇ ಬರೆಯುವರು. ೨೪೦೦ ಮಿಲಿಮೀಟರಿನ ಕಂಬಕ್ಕೆ ೨೪೦೦ ಏಕಮಾನಗಳ ಗೆರೆ. ಕುಗ್ಗಿಸುವ ಕೆಲಸವೆಲ್ಲವೂ ಮುದ್ರಣದ ಹೊತ್ತಿಗೆ. ಭೋಜಪುರದ ಬಂಡೆಯ ಪದ್ಧತಿಯೇ ಯಂತ್ರದೊಳಗೆ ಮರಳಿ ಬಂದಿತೆಂದರೆ ಅತಿಶಯೋಕ್ತಿಯಾಗದು. ಅಂಕಿಯನ್ನು ಬರೆಯಲು ಆಜ್ಞಾಪಿಸಿದರೆ ಯಂತ್ರವು ಎರಡು ಬಿಂದುಗಳ ನಡುವಣ ದೂರವನ್ನು ತಾನೇ ಅಳೆದು ಬರೆಯುವುದು. ಇನ್ನು ಮೇಲಿನ ತೋಡನ್ನು ಪ್ರತಿಮಾಡಿ, ಪಕ್ಕದಲ್ಲಿಟ್ಟು, ೧:೨೦ರ ಹಾಳೆಯಲ್ಲಿ ಅದು ೨:೧ರಂತೆ ಕಾಣಬೇಕೆಂದರೆ ಅದನ್ನು ೪೦ ಪಾಲು ಹಿಗ್ಗಿಸಬೇಕು. ಹಿಗ್ಗಿಸಿದೊಡನೆ ತೋಡಿನ ಅಗಲವು ೪೮೦ ಎಂದು ಯಂತ್ರವು ಬರೆಯುವುದು. ಅದರ ದೃಷ್ಟಿಯಿಂದ ಅದು ಹೇಳಿದುದು ನಿಜವೇ. ಗೆರೆಯು ಈಗ ೪೮೦ ಏಕಮಾನಗಳಷ್ಟು ಉದ್ದವಾಗಿದೆ.

ಆತುರದಲ್ಲಿರುವ ಲೇಖಕನು ಇಲ್ಲಿ ಮಾಡುವುದು ಒಂದೇ. ೪೮೦ ಎಂಬುದನ್ನು ಅಳಿಸಿ ಅದರ ಜಾಗದಲ್ಲಿ ೧೨ ಎಂದು ಕೈಯಿಂದ ಬರೆದುಬಿಡುವನು. ಹಾಳೆಯು ಆ ದಿನಕ್ಕೆ ಸರಿಯಾಗಿಯೇ ಇರುವುದು. ಅನರ್ಥವು ಹುಟ್ಟುವುದು ಆಮೇಲೆ. ಯಂತ್ರವು ಬರೆದ ಅಂಕಿಯು ಗೆರೆಗೆ ಕಟ್ಟುಬಿದ್ದಿರುವುದು. ಗೆರೆಯು ಬದಲಾದರೆ ಅಂಕಿಯೂ ಬದಲಾಗುವುದು. ಕೈಯಿಂದ ಬರೆದ ಅಂಕಿಯಾದರೋ ಗೆರೆಯ ಸಂಬಂಧವನ್ನು ಕಡಿದುಕೊಂಡಿರುವುದು. ಆರು ತಿಂಗಳ ಬಳಿಕ ಮತ್ತೊಮ್ಮೆ ಅಳೆದು ನೋಡಿ ತೋಡಿನ ಅಗಲವು ೧೪ ಎಂದು ತಿದ್ದಿದರೆ ಗೆರೆಯು ಅಗಲವಾಗುವುದು, ೧೨ ಎಂಬುದು ಮಾತ್ರ ಹಾಗೆಯೇ ಕುಳಿತಿರುವುದು. ನೋಡುವವನಿಗೆ ಈ ಅಂಕಿಯನ್ನು ಯಂತ್ರವು ಅಳೆದು ಬರೆಯಿತೋ ಮನುಷ್ಯನು ಬರೆದನೋ ಎಂಬುದು ಕಾಗದದ ಮೇಲೆ ತಿಳಿಯುವ ಬಗೆಯಿಲ್ಲ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ವ್ಯಾಧಿಯು ಅಪರಿಚಿತವಲ್ಲ. ಪ್ರತಿಕಾರನು ಮೂಲದಲ್ಲಿ ತನಗೆ ತಪ್ಪೆಂದು ತೋರಿದುದನ್ನು ಸದ್ದಿಲ್ಲದೆ ತಿದ್ದಿದರೆ ಆ ತಿದ್ದುಪಡಿಯು ಸರಿಯಾಗಿದ್ದರೂ ಪ್ರಕ್ಷೇಪವೇ. ಅದು ಮೂಲದ ಮಾತೆಂದು ನಂಬಿ ಮುಂದಿನವರು ಅದರ ಮೇಲೆ ಕಟ್ಟುವರು. ಗಣಕದ ನಕ್ಷೆಯಲ್ಲಿ ಕೈಯಿಂದ ಬರೆದ ಅಂಕಿಯೂ ಅಂತಹ ಪ್ರಕ್ಷೇಪವೆಂದೇ ಎಣಿಸತಕ್ಕದ್ದು.

ಇದಕ್ಕಿಂತ ಮೇಲಾದ ಉಪಾಯವು ಗುಣಕವನ್ನು ಕೊಡುವುದು. ಆಟೋಕ್ಯಾಡಿನಲ್ಲಿ ‘ಡಿಮ್‌ಎಲ್‌ಫ್ಯಾಕ್’ ಎಂಬ ಒಂದು ನಿಯಾಮಕವಿರುವುದು. ಯಂತ್ರವು ಅಳೆದ ಉದ್ದವನ್ನು ಈ ಸಂಖ್ಯೆಯಿಂದ ಗುಣಿಸಿ ಬಂದುದನ್ನು ಬರೆಯುವುದು. ೪೦ ಪಾಲು ಹಿಗ್ಗಿಸಿದ ಚಿತ್ರಕ್ಕೆ ಗುಣಕವನ್ನು ೦.೦೨೫ ಎಂದು ಇಟ್ಟರೆ ೪೮೦ ಎಂಬುದು ೧೨ ಆಗುವುದು. ಗೆರೆಯನ್ನು ತಿದ್ದಿದರೆ ಅಂಕಿಯೂ ತಿದ್ದಿಕೊಳ್ಳುವುದು. ಉದ್ದ, ವ್ಯಾಸ, ತ್ರಿಜ್ಯಗಳಿಗೆ ಇದು ತಗಲುವುದು, ಕೋನಗಳಿಗೆ ತಗಲದು. ಅದು ಯುಕ್ತವೇ ಆಗಿದೆ. ಆಕೃತಿಯನ್ನು ಎಷ್ಟು ಹಿಗ್ಗಿಸಿದರೂ ೪೫ ಅಂಶದ ಕೋನವು ೪೫ ಅಂಶವೇ ಆಗಿರುವುದೆಂಬುದು ರೇಖಾಗಣಿತದ ಮೊದಲ ಪಾಠ. ಇದನ್ನೂ, ‘ಡಿಮ್‌ಸ್ಕೇಲ್’ ಎಂಬ ಮತ್ತೊಂದು ನಿಯಾಮಕವನ್ನೂ ಹೊಸಬರು ಬಹಳವಾಗಿ ಗೊಂದಲ ಮಾಡಿಕೊಳ್ಳುವರು. ಎರಡನೆಯದು ಅಂಕಿಯ ಅಕ್ಷರಗಳೂ ಬಾಣದ ತುದಿಗಳೂ ಎಷ್ಟು ದೊಡ್ಡವಾಗಿ ಕಾಣಬೇಕೆಂಬುದನ್ನು ಮಾತ್ರ ನಿಯಮಿಸುವುದು. ಒಂದು ಅಂಕಿಯ ಅರ್ಥಕ್ಕೆ ಸಂಬಂಧಿಸಿದುದು, ಇನ್ನೊಂದು ಅದರ ಬರವಣಿಗೆಗೆ.

ಗುಣಕದ ಉಪಾಯದಲ್ಲಿಯೂ ಲೋಪವಿಲ್ಲದಿಲ್ಲ. ಅದು ಬರೆದ ಅಂಕಿಯನ್ನು ಮಾತ್ರ ಸರಿಪಡಿಸುವುದು, ಚಿತ್ರವನ್ನಲ್ಲ. ಬೇರೊಬ್ಬನು ಅದೇ ಕಡತವನ್ನು ತೆರೆದು ದೂರವನ್ನು ಕೇಳುವ ಆಜ್ಞೆಯನ್ನು ಕೊಟ್ಟರೆ ಯಂತ್ರವು ೪೮೦ ಎಂದೇ ಉತ್ತರ ಕೊಡುವುದು. ಕ್ಷೇತ್ರಫಲವನ್ನು ಕೇಳಿದರೆ ತಪ್ಪು ೪೦ ಪಾಲಲ್ಲ, ೧೬೦೦ ಪಾಲು. ಇದಕ್ಕಿಂತ ಮುಖ್ಯವಾದ ದೋಷವೆಂದರೆ, ಈಗ ಒಂದೇ ತೋಡಿಗೆ ಎರಡು ಚಿತ್ರಗಳಾಗಿವೆ. ಕಂಬದ ಮೇಲಿನ ತೋಡನ್ನು ತಿದ್ದಿದರೆ ಪಕ್ಕದಲ್ಲಿಟ್ಟ ಪ್ರತಿಯು ತಿದ್ದಿಕೊಳ್ಳದು. ಮೂಲವೊಂದು, ಪ್ರತಿಯೊಂದು ಎಂದು ಕವಲೊಡೆದ ಮೇಲೆ ಎರಡೂ ತಮ್ಮ ತಮ್ಮ ದಾರಿಯನ್ನು ಹಿಡಿಯುವುವು. ಯಾವುದು ಪ್ರಮಾಣವೆಂಬುದನ್ನು ಬಳಿಕ ನಿರ್ಣಯಿಸುವುದು ಪಾಠಾಂತರಗಳ ನಡುವೆ ಶುದ್ಧಪಾಠವನ್ನು ಹುಡುಕಿದಂತೆಯೇ ಕಷ್ಟಸಾಧ್ಯ.

ಅಂಕಿಗಳ ಸಹಿತವಾಗಿ ಆ ಭಾಗವನ್ನು ಒಂದು ‘ಬ್ಲಾಕ್’ ಆಗಿ ಕಟ್ಟಿ, ಆ ಕಟ್ಟನ್ನು ಹಿಗ್ಗಿಸಿ ಇಡುವ ರೂಢಿಯೂ ಉಂಟು. ಕಟ್ಟಿನೊಳಗಿನ ಅಂಕಿಯು ೧೨ ಎಂದೇ ಉಳಿಯುವುದು. ಆದರೆ ಯಾರಾದರೂ ಅದನ್ನು ಬಿಡಿಸಿದೊಡನೆ ಯಂತ್ರವು ಮತ್ತೆ ಅಳೆದು ಹಿಗ್ಗಿದ ಅಂಕಿಯನ್ನು ಬರೆಯುವುದು. ಇದು ಬೀಗ ಹಾಕದ ಪೆಟ್ಟಿಗೆ.

ಮೇಲಿನ ಎಲ್ಲ ಉಪಾಯಗಳಲ್ಲಿಯೂ ಹಿಗ್ಗುವುದು ವಸ್ತು. ವಸ್ತುವನ್ನು ಮುಟ್ಟದೆ ಅದನ್ನು ನೋಡುವ ಕಿಟಕಿಯನ್ನು ಮಾತ್ರ ಬದಲಿಸಬಾರದೇಕೆ ಎಂಬ ಯೋಚನೆಯು ೧೯೯೦ರಲ್ಲಿ ಹೊರಬಂದ ಆಟೋಕ್ಯಾಡಿನ ಹನ್ನೊಂದನೆಯ ಆವೃತ್ತಿಯಲ್ಲಿ ರೂಪವನ್ನು ಪಡೆಯಿತು. ಇದರಲ್ಲಿ ಎರಡು ಲೋಕಗಳನ್ನು ಕಲ್ಪಿಸಿದರು. ವಸ್ತುವು ನಿಜಗಾತ್ರದಲ್ಲಿ ಇರುವುದು ಒಂದು, ‘ಮಾಡೆಲ್ ಸ್ಪೇಸ್’. ಕಾಗದದ ಹಾಳೆಯು ಇರುವುದು ಇನ್ನೊಂದು, ‘ಪೇಪರ್ ಸ್ಪೇಸ್’. ಹಾಳೆಯಲ್ಲಿ ‘ವ್ಯೂಪೋರ್ಟ್’ ಎಂಬ ಕಿಟಕಿಗಳನ್ನು ತೆರೆದು ಒಂದರ ಮೂಲಕ ಇಡಿಯ ಕಂಬವನ್ನು ೧:೨೦ರ ಮಾನದಲ್ಲಿ, ಮತ್ತೊಂದರ ಮೂಲಕ ತೋಡನ್ನು ೨:೧ರ ಮಾನದಲ್ಲಿ ನೋಡಬಹುದು. ತೋಡು ಇರುವುದು ಒಂದೇ. ಅದನ್ನು ತಿದ್ದಿದರೆ ಎರಡು ಕಿಟಕಿಗಳಲ್ಲಿಯೂ ತಿದ್ದಿದುದೇ ಕಾಣುವುದು. ಪ್ರತಿಯೇ ಇಲ್ಲದಿರುವಲ್ಲಿ ಪಾಠಾಂತರಕ್ಕೆ ಎಡೆಯೆಲ್ಲಿ? ಈ ಕಲ್ಪನೆಯೇ ಇಡಿಯ ಸಮಸ್ಯೆಗೆ ತಕ್ಕ ಪರಿಹಾರವೆಂದು ಹೇಳಲು ಸಂದೇಹಪಡಬೇಕಾಗಿಲ್ಲ.

ಆದರೂ ಅಂಕಿಯ ತೊಂದರೆಯು ಇನ್ನೊಂದು ವೇಷದಲ್ಲಿ ಬಂದಿತು. ಮುದ್ರಿತವಾದ ಹಾಳೆಯಲ್ಲಿ ಅಂಕಿಯ ಅಕ್ಷರವು ೨.೫ ಮಿಲಿಮೀಟರು ಎತ್ತರವಾಗಿರಬೇಕೆಂದರೆ, ೧:೨೦ರ ಕಿಟಕಿಗಾಗಿ ಅದನ್ನು ವಸ್ತುಲೋಕದಲ್ಲಿ ೫೦ ಏಕಮಾನಗಳಷ್ಟು ಎತ್ತರವಾಗಿ ಬರೆಯಬೇಕು. ಅದೇ ಅಕ್ಷರವು ೨:೧ರ ಕಿಟಕಿಯಲ್ಲಿ ೧೦೦ ಮಿಲಿಮೀಟರು ಎತ್ತರವಾಗಿ, ತೋಡನ್ನೇ ನುಂಗಿ ನಿಲ್ಲುವುದು. ಹಾಳೆಯ ಲೋಕದಲ್ಲಿಯೇ ಅಂಕಿಯನ್ನು ಬರೆಯೋಣವೆಂದರೆ ಅಕ್ಷರಗಳು ಸರಿಹೋಗುವುವು. ಆದರೆ ಅಲ್ಲಿ ಯಂತ್ರವು ಕಾಗದವನ್ನು ಅಳೆದು ೨೪ ಎಂದು ಬರೆಯುವುದು. ಆಗ ಮತ್ತೆ ಗುಣಕದ ಮೊರೆಹೊಗಬೇಕು. ೨:೧ರ ಕಿಟಕಿಗೆ ೦.೫, ೧:೨೦ರ ಕಿಟಕಿಗೆ ೨೦. ಒಂದು ಕಿಟಕಿಯ ಗುಣಕವನ್ನು ಮರೆತು ಇನ್ನೊಂದರಲ್ಲಿ ಬಳಸಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ೨೦೦೧ರಲ್ಲಿ ಬಂದ ಆವೃತ್ತಿಯಿಂದ ಈ ಕಷ್ಟವು ಬಹುಮಟ್ಟಿಗೆ ತೀರಿತು. ಹಾಳೆಯಲ್ಲಿ ಬರೆದ ಅಂಕಿಯು ಕಿಟಕಿಯೊಳಗಿನ ವಸ್ತುವಿನ ಬಿಂದುವನ್ನೇ ಹಿಡಿದುಕೊಂಡು, ಕಾಗದವನ್ನು ಬಿಟ್ಟು ವಸ್ತುವನ್ನು ಅಳೆಯುವಂತಾಯಿತು. ಕಿಟಕಿಯ ದೃಶ್ಯವನ್ನು ಸರಿಸಿದಾಗ ಕೆಲವೊಮ್ಮೆ ಅಂಕಿಗಳು ಹಿಂದೆ ಉಳಿಯುವುದುಂಟು. ಅದಕ್ಕೆ ‘ಡಿಮ್‌ರೀಜೆನ್’ ಎಂಬ ಆಜ್ಞೆಯನ್ನು ಕೊಟ್ಟು ಅವನ್ನು ಮತ್ತೆ ಸ್ಥಾನಕ್ಕೆ ತರಬೇಕು. ೨೦೦೭ರಲ್ಲಿ, ವಸ್ತುಲೋಕದಲ್ಲಿಯೇ ಬರೆದ ಅಂಕಿಯು ತಾನು ಕಾಣಿಸಿಕೊಳ್ಳುವ ಕಿಟಕಿಯ ಮಾನಕ್ಕೆ ತಕ್ಕಂತೆ ತನ್ನ ಗಾತ್ರವನ್ನು ಹೊಂದಿಸಿಕೊಳ್ಳುವ ಏರ್ಪಾಡೂ ಬಂದಿತು. ಘನಾಕೃತಿಗಳನ್ನೇ ರಚಿಸುವ ಸಾಲಿಡ್‌ವರ್ಕ್ಸ್ ಮೊದಲಾದ ತಂತ್ರಾಂಶಗಳಲ್ಲಿ ಮೂಲಚಿತ್ರದ ಮೇಲೆ ಒಂದು ವೃತ್ತವನ್ನು ಎಳೆದರೆ ಸಾಕು. ವರ್ಧಿತಭಾಗವೂ ಅದರ ಅಕ್ಷರವೂ ಮಾನವೂ ತಾವಾಗಿಯೇ ಮೂಡುವುವು, ಅಂಕಿಗಳು ವಸ್ತುವಿನ ನಿಜಮಾನವನ್ನೇ ಹೇಳುವುವು.

ಪ್ರತಿಯನ್ನು ಹಿಗ್ಗಿಸುವ ಹಳೆಯ ಪದ್ಧತಿಗೆ ಸ್ಥಾನವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಸ್ಮಾರಕವೊಂದು ಇಂತಹ ದಿನ ಇಂತಹ ಸ್ಥಿತಿಯಲ್ಲಿತ್ತೆಂದು ದಾಖಲೆ ಮಾಡುವಾಗ ವರ್ಧಿತಭಾಗವು ಮುಂದೆ ಬದಲಾಗದಿರುವುದೇ ಗುಣ. ಮೂಲಚಿತ್ರದಲ್ಲಿ ಎಲ್ಲ ತೋಡುಗಳನ್ನೂ ಒಂದೇ ಗೆರೆಯಿಂದ ಸೂಚಿಸಿ, ಒಂದನ್ನು ಮಾತ್ರ ಬೇರೆಯಾಗಿ ವಿವರಿಸಬೇಕಾದಲ್ಲಿಯೂ ಪ್ರತಿಯೇ ಬೇಕಾಗುವುದು. ಅಲ್ಲೆಲ್ಲ ಗುಣಕವನ್ನು ಒಂದು ಹೆಸರಿಟ್ಟ ಶೈಲಿಯೊಳಗೆ ಸೇರಿಸಿ, ಆ ಶೈಲಿಯ ಹೆಸರಿನಲ್ಲಿಯೇ ಮಾನವನ್ನು ಹೇಳಿಬಿಡುವುದು ಒಳ್ಳೆಯ ಕಚೇರಿಗಳ ವಾಡಿಕೆ.

ಇಷ್ಟಾದರೂ ಯಂತ್ರವು ಉತ್ತರಿಸಲಾರದ ಒಂದು ಪ್ರಶ್ನೆಯು ಉಳಿಯುವುದು. ಹಿಗ್ಗಿಸಿದುದರಿಂದ ಅಳತೆಯ ನಿಖರತೆಯು ಹೆಚ್ಚಿತೇ? ಕಂಬವನ್ನು ಅಳೆದವನು ಐದು ಮಿಲಿಮೀಟರಿನ ಹತ್ತಿರಕ್ಕೆ ಅಳೆದಿದ್ದರೆ ಅದರ ತೋಡನ್ನು ೧೦:೧ರ ಮಾನದಲ್ಲಿ ಬರೆಯುವುದು ತಿಳಿಯದುದನ್ನು ತಿಳಿದಂತೆ ಬರೆದಂತೆ. ಯಂತ್ರವು ತನ್ನ ಸಂಖ್ಯೆಗಳನ್ನು ಸುಮಾರು ಹದಿನೈದು ಸ್ಥಾನಗಳವರೆಗೆ ಕಾಪಾಡಿಕೊಳ್ಳುವುದರಿಂದ ೧೧.೬೩೭ ಎಂದು ಬರೆಯಲು ಹಿಂಜರಿಯದು, ಆ ೦.೬೩೭ನ್ನು ಯಾರು ಅಳೆದರೆಂಬುದು ಅದಕ್ಕೆ ತಿಳಿಯದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಮುಖ್ಯಚಿತ್ರಕ್ಕೆಂದು ದಶಾಂಶಗಳನ್ನು ಬಿಟ್ಟು ಬರೆಯುವಂತೆ ನಿಯಮಿಸಿ, ಅದೇ ನಿಯಮವನ್ನು ವರ್ಧಿತಭಾಗದಲ್ಲಿಯೂ ಉಳಿಸಿಕೊಂಡರೆ, ಎಚ್ಚರದಿಂದ ಅಳೆದ ೧೧.೬ ಎಂಬುದು ೧೨ ಆಗಿ ಕಾಣುವುದು. ಹಿಗ್ಗಿಸಿದುದರ ಫಲವೇ ಆಗ ನಷ್ಟವಾಗುವುದು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ೧೯೧೭ರಲ್ಲಿ ಗ್ರಂಥವನ್ನು ಪ್ರಕಟಿಸಿದ ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯ ಕರ್ತೃಗಳೂ ಹೌದು. ಶಾಸನವನ್ನು ಓದುವ ಕಣ್ಣೂ ಶಿಲ್ಪವನ್ನು ನೋಡುವ ಕಣ್ಣೂ ಒಬ್ಬರಲ್ಲಿಯೇ ಇದ್ದ ಆ ಕಾಲಕ್ಕೆ, ಓದಲಾಗದ ಅಕ್ಷರವನ್ನು ಊಹಿಸಿ ತುಂಬುವುದೂ ಅಳೆಯದ ದಶಾಂಶವನ್ನು ಬರೆಯುವುದೂ ಒಂದೇ ಬಗೆಯ ಅಪರಾಧವೆಂಬುದನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಕೊನೆಯದಾಗಿ ಮುದ್ರಣದ ಮಾತು. ನಕ್ಷೆಯನ್ನು ಎ೧ ಹಾಳೆಗೆಂದು ಸಿದ್ಧಪಡಿಸಿ, ಪತ್ರಿಕೆಯಲ್ಲಿಯೋ ಪುಸ್ತಕದಲ್ಲಿಯೋ ಅಚ್ಚುಮಾಡುವಾಗ ಪುಟಕ್ಕೆ ಹಿಡಿಸುವಂತೆ ಕುಗ್ಗಿಸುವುದು ಸಾಮಾನ್ಯವಾಗಿದೆ. ಆಗ ‘ಮಾನ ೨:೧’ ಎಂಬ ಬರಹವು ತಟ್ಟನೆ ಸುಳ್ಳಾಗುವುದು. ಅಳತೆಯ ಅಂಕಿಗಳು ಮಾತ್ರ ಸುಳ್ಳಾಗವು. ವರ್ಧಿತಭಾಗವಿರುವ ಹಾಳೆಯಲ್ಲಿ ಇದರಿಂದಾಗುವ ಗೊಂದಲವು ಇಮ್ಮಡಿ, ಏಕೆಂದರೆ ಅಲ್ಲಿ ಸುಳ್ಳಾಗುವ ಮಾನಗಳು ಎರಡು. ಆದುದರಿಂದ ಮುಖ್ಯಚಿತ್ರದ ಕೆಳಗೊಂದು, ಪ್ರತಿಯೊಂದು ವರ್ಧಿತಭಾಗದ ಕೆಳಗೂ ಒಂದೊಂದು ಎಂಬಂತೆ ಭಾಗಗಳನ್ನು ಗುರುತಿಸಿದ ಮಾನಪಟ್ಟಿಯನ್ನು ಗೆರೆಯಾಗಿಯೇ ಎಳೆದಿಡಬೇಕು. ಹಾಳೆಯು ಎಷ್ಟು ಕುಗ್ಗಿದರೂ ಪಟ್ಟಿಯೂ ಅಷ್ಟೇ ಕುಗ್ಗುವುದು. ಕೈವಾರವನ್ನು ಪಟ್ಟಿಯ ಮೇಲಿಟ್ಟು ತೋಡಿನ ಮೇಲಿಟ್ಟರೆ ೧೨ ಮಿಲಿಮೀಟರು ಅಲ್ಲಿಯೇ ದೊರಕುವುದು.